ಲೋ ಕಾರ್ಬಾ, ಲೋ ಫ್ಯಾಟಾ? ಅಕ್ಕನ ಜೊತೆ ದಿನಾ ಜಗಳ

ಅರ್ಧಕೆಜಿ:
ಲೋ ಕಾರ್ಬ್, ಅಂದರೆ ಅನ್ನ, ಚಪಾತಿ, ಸಕ್ಕರೆ ಕಮ್ಮಿ ತಿನ್ನೋದು, ಶುರುಮಾಡಿ ಮೂರು ವಾರ ಆಯಿತು. ಮೊದಲ ವಾರವೇ ಎರಡು ಕೆಜಿ ಇಳಿದಿದ್ದೆ, ಕುಣಿದಾಡಿಬಿಟ್ಟೆ. ಆಮೇಲೆ ತೂಕದ ಮುಳ್ಳು ಅಲ್ಲಾಡುತ್ತಲೇ ಇಲ್ಲ. ಅಕ್ಕ ಲೋ ಫ್ಯಾಟ್ ಪಕ್ಷ, ಎಣ್ಣೆ ತುಪ್ಪ ಕಮ್ಮಿ ಮಾಡು ಅನ್ನೋಳು. ನಾನೊಂದು ಅಧ್ಯಯನ ಕಳಿಸಿದರೆ ಅವಳು ಅದಕ್ಕೆ ಉಲ್ಟಾ ಇನ್ನೊಂದು ಕಳಿಸುತ್ತಾಳೆ. ಯಾವುದನ್ನು ನಂಬೋದು?

ಚಾವಣಿನೋಟ:
ಮೊದಲು ಆ ಎರಡು ಕೆಜಿ. ಬೇಜಾರಾಗಬೇಡಿ, ಅದರಲ್ಲಿ ಜಾಸ್ತಿ ಪಾಲು ನೀರು. ತಿಂದ ಕಾರ್ಬ್‌ನಲ್ಲಿ ಸ್ವಲ್ಪವನ್ನು ದೇಹ ಗ್ಲೈಕೋಜನ್ ಅನ್ನೋ ರೂಪದಲ್ಲಿ ಕೂಡಿಡುತ್ತದೆ. ಅದರ ಒಂದು ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರು ಇರುತ್ತದೆ. ಕಾರ್ಬ್ ಬಿಟ್ಟಾಗ ಎರಡೂ ಖರ್ಚಾಗುತ್ತವೆ.

ಇನ್ನು ನಂಬಿಕೆ. ನಾನು ಎರಡು ವರ್ಷ ಆಹಾರ ಸಮೀಕ್ಷೆಗೆ ಪ್ರಶ್ನೆ ಕೇಳುವ ಕೆಲಸ ಮಾಡಿದ್ದೆ. 'ಕಳೆದ ವರ್ಷ ತಿಂಗಳಿಗೆ ಎಷ್ಟು ಸಲ ಮೊಟ್ಟೆ ತಿಂದಿರಿ?' ಅಂತ ಕೇಳಿದರೆ ಜನ ಚಾವಣಿ ನೋಡುತ್ತಾರೆ. ನನ್ನ ಮುಖ ನೋಡುತ್ತಾರೆ. ಆಮೇಲೆ 'ನಾಲ್ಕು ಅಂತ ಬರೆದುಕೊಳ್ಳಿ' ಅನ್ನುತ್ತಾರೆ. ಸಿಹಿತಿಂಡಿ ಪ್ರಶ್ನೆ ಬಂದಾಗಂತೂ ಎಲ್ಲರೂ ಸನ್ಯಾಸಿಗಳೇ! ಆ 'ನಾಲ್ಕು' ಮುಂದೆ ಗ್ರಾಫ್ ಆಗಿ ಸುದ್ದಿಯಾಗುತ್ತದೆ. ಹಾಗಾಗಿ ಬರೀ ನೆನಪಿನ ಮೇಲೆ ನಿಂತ ಅಧ್ಯಯನ ಅಂದರೆ ನನಗೆ ಸ್ವಲ್ಪ ಅನುಮಾನ.

ಚೀಟಿ ಎತ್ತಿದ ಹಾಗೆ ಜನರನ್ನು ಎರಡು ಗುಂಪು ಮಾಡುವ ಪ್ರಯೋಗಗಳು ಇದಕ್ಕಿಂತ ವಾಸಿ. ಸ್ಟ್ಯಾನ್‌ಫರ್ಡ್‌ನ ಕ್ರಿಸ್ಟೋಫರ್ ಗಾರ್ಡ್ನರ್ ತಂಡ 609 ಜನರನ್ನು ಹೀಗೆ ಒಂದು ವರ್ಷ ನೋಡಿತು. 2018ರಲ್ಲಿ ಫಲಿತಾಂಶ ಬಂತು. ಸರಾಸರಿ ಲೋ ಫ್ಯಾಟ್‌ನವರು 5.3 ಕೆಜಿ, ಲೋ ಕಾರ್ಬ್‌ನವರು 6 ಕೆಜಿ ಇಳಿದಿದ್ದರು. ವ್ಯತ್ಯಾಸ ಅಂತ ಹೇಳುವಷ್ಟಿಲ್ಲ. ಆದರೆ ಎರಡೂ ಗುಂಪಿನಲ್ಲಿ ಕೆಲವರು ಸಿಕ್ಕಾಪಟ್ಟೆ ಇಳಿದಿದ್ದರು, ಕೆಲವರು ಮೊದಲಿಗಿಂತ ದಪ್ಪಗಾಗಿದ್ದರು! ಯಾರಿಗೆ ಯಾವುದು ಒಗ್ಗುತ್ತದೆ ಅಂತ ಜೀನ್ ನೋಡಿ ಹೇಳಲು ಹೋದರು, ಆಗಲಿಲ್ಲ.

ಉಪ್ಪುಕಾರ:
ಎಲ್ಲಾ ದುಡ್ಡಿನ ಆಟ ಸ್ವಾಮಿ. ಕೊಬ್ಬೇ ಹೃದಯಕ್ಕೆ ಶತ್ರು ಅಂತ 1967ರಲ್ಲಿ ಬಂದ ಹಾರ್ವರ್ಡ್‌ನವರ ಲೇಖನಕ್ಕೆ ಸಕ್ಕರೆ ಉದ್ಯಮ ಹಣ ಕೊಟ್ಟಿತ್ತು. ಅದು ಬಯಲಾಗಿದ್ದು 2016ರಲ್ಲಿ.

ಚಾವಣಿನೋಟ:
ನಿಜ. ಆದರೆ ಅದನ್ನು ಬಯಲು ಮಾಡಿದವರೂ ಸಂಶೋಧಕರೇ ಅಲ್ವಾ? ಮೆಡಿಟರೇನಿಯನ್ ಆಹಾರದ ದೊಡ್ಡ ಪ್ರಯೋಗ ಪ್ರೆಡಿಮೆಡ್‌ನಲ್ಲೂ ಗುಂಪು ಹಂಚಿದ್ದರಲ್ಲಿ ಎಡವಟ್ಟಾಗಿತ್ತು. 2018ರಲ್ಲಿ ಲೇಖನ ವಾಪಸ್ ಪಡೆದು, ಲೆಕ್ಕ ಮತ್ತೆ ಮಾಡಿ ಪ್ರಕಟಿಸಿದರು.

ಅಮೆರಿಕದ ಸಂಶೋಧಕ ಕೆವಿನ್ ಹಾಲ್ ತಂಡದ 2021ರ ಪ್ರಯೋಗವನ್ನೂ ಓದಿ. 20 ಜನರನ್ನು ನಾಲ್ಕು ವಾರ ಸಂಶೋಧನಾ ಕೇಂದ್ರದ ಒಳಗೇ ಇಟ್ಟುಕೊಂಡು ಲೋ ಕಾರ್ಬ್, ಲೋ ಫ್ಯಾಟ್ ಎರಡೂ ಬಗೆಯ ಊಟವನ್ನು ಎರಡೆರಡು ವಾರ ಕೊಟ್ಟರು. ಎಷ್ಟು ಬೇಕಾದರೂ ತಿನ್ನಬಹುದಿತ್ತು. ಲೋ ಫ್ಯಾಟ್ ಇದ್ದಾಗ ದಿನಕ್ಕೆ ಸುಮಾರು 700 ಕ್ಯಾಲೊರಿ ಕಡಿಮೆ ತಿಂದರು. ಲೋ ಕಾರ್ಬ್ ಇದ್ದಾಗ ರಕ್ತದ ಸಕ್ಕರೆ, ಇನ್ಸುಲಿನ್ ಕಡಿಮೆ ಇತ್ತು. ಇಲ್ಲಿ ನೆನಪಿನ ಮಾತೇ ಇಲ್ಲ, ತಟ್ಟೆಯನ್ನೇ ತೂಗಿದ್ದು. ಆದರೆ 20 ಜನ, ನಾಲ್ಕೇ ವಾರ.

ಅರ್ಧಕೆಜಿ:
ಅಕ್ಕನಿಗೆ ಓದಿ ಹೇಳಿದೆ. '700 ಕ್ಯಾಲೊರಿ! ನೋಡಿದ್ಯಾ?' ಅಂದಳು. ಮುಂದಿನ ಸಾಲು ಓದುವಷ್ಟರಲ್ಲಿ ಎದ್ದು ಹೋಗಿದ್ದಳು.