ಮೆಡಿಯಾ ಪಾರ್ಟ್ ಮಾಡ್ತಿದೀನಿ, ಇವಳನ್ನ ಹೇಗೆ ಅರ್ಥ ಮಾಡ್ಕೊಳ್ಳೋದು?

ರಂಗಹುಚ್ಚಿ:
ಎಲ್ರಿಗೂ ನಮಸ್ಕಾರ. ನಮ್ಮ ಹವ್ಯಾಸಿ ತಂಡದಲ್ಲಿ ಈ ಸಲ ಹಳೇ ಗ್ರೀಕ್ ನಾಟಕಕಾರ ಯೂರಿಪಿಡೀಸ್‌ನ ಮೆಡಿಯಾ ನಾಟಕ ಎತ್ಕೊಂಡಿದೀವಿ, ಮೆಡಿಯಾ ಪಾರ್ಟ್ ನಂದು. ಕಥೆ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳ್ತೀನಿ. ಕೋಲ್ಕಿಸ್ ಅಂದ್ರೆ ಈಗಿನ ಜಾರ್ಜಿಯಾ ಕಡೆಯ ರಾಜನ ಮಗಳು, ಸೂರ್ಯನ ಮೊಮ್ಮಗಳು, ಮದ್ದು ಮಾಟ ಎಲ್ಲ ಬಲ್ಲವಳು, ಚಿನ್ನದ ಉಣ್ಣೆ ಹುಡುಕ್ಕೊಂಡು ಬಂದ ಜೇಸನ್ ಮೇಲೆ ಮನಸಾಗಿ ಅಪ್ಪನಿಗೆ ಮೋಸ ಮಾಡಿ, ಒಡಹುಟ್ಟಿದವನನ್ನ ಕೊಂದು ಅವನ ಹಡಗು ಹತ್ತಿಬಿಡ್ತಾಳೆ, ಆಮೇಲೆ ಜೇಸನ್‌ಗೋಸ್ಕರನೇ ಪೀಲಿಯಸ್ ಅನ್ನೋ ರಾಜನ್ನ ಅವನ ಹೆಣ್ಣುಮಕ್ಕಳ ಕೈಯಲ್ಲೇ ಕೊಲ್ಲಿಸ್ತಾಳೆ, ಅಲ್ಲಿಂದ ಓಡಿ ಕೊರಿಂಥ್‌ಗೆ ಬಂದು ಇಬ್ಬರು ಗಂಡುಮಕ್ಕಳು ಆಗಿರ್ತಾರೆ, ಅಷ್ಟರಲ್ಲಿ ಈ ಮಹಾನುಭಾವ ಅಲ್ಲಿನ ರಾಜ ಕ್ರಿಯಾನ್ ಮಗಳನ್ನ ಮದುವೆ ಆಗ್ಬಿಡ್ತಾನೆ. ನಾಟಕ ಶುರುವಾಗೋದು ಇಲ್ಲಿಂದ. ಮುಂದೆ ಅವಳು ಆ ಹುಡುಗೀನ ಕೊಲ್ತಾಳೆ, ರಾಜನ್ನ ಕೊಲ್ತಾಳೆ, ಕೊನೆಗೆ ತನ್ನ ಮಕ್ಕಳನ್ನೂ.

ನನ್ನ ಪ್ರಾಬ್ಲಂ ಏನಂದ್ರೆ ನಮ್ಮ ಡೈರೆಕ್ಟ್ರು "ಹುಚ್ಚು ಹಿಡಿದವಳ ಥರ ಮಾಡಮ್ಮ" ಅಂತಾರೆ, ಜೊತೆಯವರು "ಅವಳು ಮೋಸ ಹೋದ ಹೆಣ್ಣು, ಜನ ಅಳ್ಬೇಕು" ಅಂತಾರೆ. ಎರಡೂ ಟ್ರೈ ಮಾಡಿದ್ರೆ ಡೈಲಾಗ್ ಬಾಯಲ್ಲಿ ಕೂರ್ತಾನೇ ಇಲ್ಲ. ಅದರಲ್ಲೂ ಮಕ್ಕಳನ್ನ ಮುಂದೆ ನಿಲ್ಲಿಸ್ಕೊಂಡು ಆಡೋ ಉದ್ದದ ಮಾತಿದೆಯಲ್ಲ, ಕೊಲ್ತೀನಿ, ಇಲ್ಲ ಕೊಲ್ಲಲ್ಲ, ಇಲ್ಲ ಕೊಲ್ಲಲೇಬೇಕು ಅಂತ, ಅಲ್ಲಂತೂ ಪೂರ್ತಿ ಬಿದ್ದುಹೋಗ್ತಿದೀನಿ. ಯಾರಾದ್ರೂ ಈ ನಾಟಕ ಮಾಡಿದೋರು, ಓದಿದೋರು ಇದ್ರೆ ಹೇಳಿ.

ಸೈಡ್‌ವಿಂಗ್:
ಹುಚ್ಚಿ ಥರ ಮಾತ್ರ ಮಾಡ್ಬೇಡಿ ಮೇಡಂ. ಇಡೀ ನಾಟಕದಲ್ಲಿ ಅವಳಷ್ಟು ಲೆಕ್ಕ ಹಾಕಿ ಮಾತಾಡೋರು ಇನ್ನೊಬ್ರಿಲ್ಲ. ಮೊದಲು ಮನೆ ಒಳಗಿಂದ ಬರೀ ಕೂಗು ಕೇಳಿಸತ್ತೆ, ಸಾಯ್ಬೇಕು, ಸಿಡಿಲು ಬಡೀಲಿ ಅಂತೆಲ್ಲ, ಆದ್ರೆ ಬಾಗಿಲು ದಾಟಿ ಕೊರಿಂಥ್ ಹೆಂಗಸರ (ಅವರೇ ನಾಟಕದ ಮೇಳ, ಅಂದ್ರೆ ಕೋರಸ್) ಮುಂದೆ ಬಂದು ನಿಂತ ತಕ್ಷಣ ದನಿನೇ ಬೇರೆ. ಹೆಣ್ಣಿನ ಪಾಡು ಏನು ಅಂತ ಶುರು ಮಾಡ್ತಾಳೆ, ದುಡ್ಡು ಕೊಟ್ಟು ಮೈಮೇಲೊಬ್ಬ ಯಜಮಾನನ್ನ ತಂದ್ಕೋಬೇಕು, ಅವನು ಕೆಟ್ಟವನಾದ್ರೆ ಬಿಟ್ಟುಬರೋದು ಹೆಂಗಸಿಗೆ ಮರ್ಯಾದೆ ಅಲ್ಲ, ಒಂದು ಸಲ ಹೆರೋದಕ್ಕಿಂತ ಮೂರು ಸಲ ಗುರಾಣಿ ಹಿಡಿದು ಯುದ್ಧಕ್ಕೆ ನಿಲ್ತೀನಿ ಅಂತಾಳೆ. ಈ ಮಾತನ್ನ ಎಲ್ರೂ ಎತ್ತಿ ಎತ್ತಿ ಹೇಳ್ತಾರೆ. ಎಲ್ಲಾ ನಿಜಾನೇ. ಆದ್ರೆ ಅದೇ ಮಾತಿನ ಕೊನೇಲಿ ನನ್ನನ್ನ ಪರದೇಶದಿಂದ ಲೂಟಿ ಮಾಡ್ಕೊಂಡು ಬಂದ್ರು, ನಿಮಗೆ ಊರಿದೆ ತವರಿದೆ ನಂಗೆ ಯಾರೂ ಇಲ್ಲ ಅಂತಾಳೆ ನೋಡಿ, ಲೂಟಿ ಯಾರು ಮಾಡಿದ್ರು? ಇವಳೇ ತಾನೇ ತವರಿಗೆ ಬೆಂಕಿ ಇಟ್ಟು ಬಂದವಳು. ಸತ್ಯದ ಮಧ್ಯೆ ಒಂದು ಸುಳ್ಳು ಸಲೀಸಾಗಿ ತೂರಿಸಿ, ಕೊನೆಗೆ ನಾನು ಏನು ಮಾಡಿದ್ರೂ ಬಾಯಿ ಬಿಡ್ಬೇಡಿ ಅಂತ ಮೇಳದ ಹೆಂಗಸರ ಹತ್ರ ಒಪ್ಪಿಗೆ ತಗೊಂಡೇ ಬಿಡ್ತಾಳೆ.

ಆಮೇಲೆ ಗಂಡಸರ ಸರದಿ. ಕ್ರಿಯಾನ್ ಈಗಿಂದೀಗ ಊರು ಬಿಡು ಅಂತ ಬರ್ತಾನೆ, ಅವನ ಮೊಣಕಾಲು ಹಿಡ್ಕೊಂಡು ಮಕ್ಕಳಿಗೋಸ್ಕರ ಒಂದೇ ಒಂದು ದಿನ ಅಂತ ಬೇಡ್ತಾಳೆ, ಅವನಿಗೂ ಮಗಳಿದಾಳಲ್ಲ, ತಪ್ಪು ಮಾಡ್ತಿದೀನಿ ಅಂತ ಗೊತ್ತಿದ್ದೂ ಕೊಟ್ಟುಹೋಗ್ತಾನೆ. ಅವನು ಆ ಕಡೆ ಹೋಗಿದ್ದೇ ತಡ, ಕೆಲಸ ಆಗ್ಬೇಕಿಲ್ಲದಿದ್ರೆ ಇವನ ಕೈ ಮುಟ್ತಿದ್ನಾ ನಾನು ಅಂತಾಳೆ. ಅಥೆನ್ಸ್ ರಾಜ ಈಜಿಯಸ್ ಮಕ್ಕಳಿಲ್ಲ ಅಂತ ಕೊರಗ್ತಿರೋನು, ಅವನಿಗೆ ಮಕ್ಕಳಾಗೋ ಮದ್ದಿನ ಆಸೆ ತೋರಿಸಿ ಅಥೆನ್ಸ್‌ನಲ್ಲಿ ಜಾಗ ಕೊಡ್ತೀನಿ ಅಂತ ಆಣೆ ಹಾಕಿಸ್ಕೊಳ್ತಾಳೆ. ಜೇಸನ್ ಮುಂದೆ, ನಂಗೆ ಬುದ್ಧಿ ಬಂತು, ನಾವು ಹೆಂಗಸರು ಹೀಗೇ ಬಿಡು ಅಂತ ಕಣ್ಣೀರು. ಯಾರ್ಯಾರಿಗೆ ಯಾವ ಹೆಂಗಸು ಬೇಕೋ ಆ ಹೆಂಗಸಾಗಿ ನಿಲ್ತಾಳೆ. ನನ್ನ ಕೇಳಿದ್ರೆ ಅವಳ ಮಾಟ ಇರೋದು ಇಲ್ಲಿ, ಮದ್ದಿನ ಡಬ್ಬಿಯಲ್ಲಲ್ಲ.

ಈಗ ನಿಮ್ಮ ಆ ಉದ್ದದ ಮಾತಿಗೆ ಬನ್ನಿ. ಅಲ್ಲಿ ಒಲಿಸ್ಕೊಳ್ಳೋಕೆ ಬೇರೆ ಯಾರೂ ಉಳಿದಿಲ್ಲ, ಅವಳೇ ಉಳಿದಿರೋದು. ಬೇಡ, ಮಕ್ಕಳನ್ನ ಕರ್ಕೊಂಡು ಹೋಗ್ತೀನಿ ಅಂತಾಳೆ, ಮರುಕ್ಷಣ ಶತ್ರುಗಳು ನಗೋ ಹಾಗೆ ಬಿಟ್ಬಿಡ್ಲಾ ಅಂತ ತನಗೆ ತಾನೇ ಕೇಳ್ತಾಳೆ. ಕ್ರಿಯಾನ್ ಮೇಲೆ ಬಳಸಿದ ಚಾಲಾಕಿತನಾನೇ ತನ್ನ ಮೇಲೆ ಬಳಸ್ತಿದಾಳೆ ಅಂತ ಇಟ್ಕೊಂಡು ಒಂದ್ಸಲ ಓದಿ ನೋಡಿ, ಅಳೋದು ಬೇಡ, ವಾದ ಮಾಡಿ.

ಹುಬ್ಬಳ್ಳಿ ಅಕ್ಕ:
ಸೈಡ್‌ವಿಂಗ್ ಅವರು ಹೇಳಿದ್ದು ಖರೇ ಅದ, ಆದ್ರ ಭಾಳ ಬುದ್ಧಿವಂತಿಕಿ ಆತು ನೋಡ್ರಿ. ನಾನು ಇದರಾಗ ದಾದಿ ಪಾರ್ಟ್ ಮಾಡೀನಿ, ಮೊದಲನೇ ಸೀನಿನಾಗ ದಾದಿ ಏನಂತಾಳ? ಇಕಿ ಮಕ್ಕಳನ್ನ ಕಂಡ್ರ ಸಿಟ್ಟಾಗಾಕತ್ತಾಳ, ಗೂಳಿ ನೋಡಿದಂಗ ನೋಡತಾಳ, ಹುಡುಗರನ್ನ ಅಕಿ ಮುಂದ ಬಿಡಬ್ಯಾಡ್ರಿ ಅಂತಾಳ. ಅಂದ್ರ ಕ್ರಿಯಾನ್ ಬರೂಕಿಂತ ಮೊದಲ, ಯಾವ ಲೆಕ್ಕಾಚಾರನೂ ಶುರು ಆಗೂಕಿಂತ ಮೊದಲ ಅದು ಅಕಿ ಕಣ್ಣಾಗ ಐತಿ. ಮಾತು ಎಲ್ಲಾ ಆಮ್ಯಾಲ ಬಂದದ್ದು.

ಮತ್ತ ಆ ಉದ್ದನ ಮಾತಿನಾಗ ಬರೇ ವಾದ ಎಲ್ಲೈತ್ರಿ? ಮಕ್ಕಳ ಕೈ ಕೊಡ್ರಿ ಅಂತಾಳ, ಬಾಯಿ, ಮಾರಿ, ಆ ಮೆತ್ತನ ತೊಗಲು, ಆ ಉಸಿರಿನ ವಾಸನಿ, ಎಲ್ಲಾ ಒಂದೊಂದ ಹೆಸರು ಹಿಡದು ಹೇಳಿ, ನಿಮ್ಮನ್ನ ನೋಡೂದು ನನಗ ಆಗವಲ್ದು, ಒಳಗ ಹೋಗ್ರಿ ಅಂತಾಳ. ವಾದ ಮಾಡಾಕಿಗೆ ಕೂಸಿನ ಉಸಿರಿನ ವಾಸನಿ ಯಾಕ ಬೇಕ್ರಿ? ಅಲ್ಲಿ ಗಡಿಬಿಡಿ ಮಾಡಬ್ಯಾಡ್ರಿ ತಂಗಿ, ಕೈ ಹಿಡಿರಿ, ಸುಮ್ಮ ನಿಲ್ರಿ, ಮಾತು ತಾನ ಬರತೈತಿ.

ನನಗಂತೂ ಅಕಿ ಮ್ಯಾಲ ಕನಿಕರ ಇಲ್ಲ ಅಂತ ಹೇಳಿಬಿಡ್ತೀನಿ. ಒಳಗಿಂದ ಹುಡುಗರ ದನಿ ಬರತೈತಲ್ರಿ, ಒಬ್ಬಾಂವ ಅವ್ವನ ಕೈಯಿಂದ ತಪ್ಪಿಸ್ಕೊಂಡು ಎಲ್ಲಿ ಓಡ್ಲಿ ಅಂತಾನ, ಇನ್ನೊಬ್ಬಾಂವ ಗೊತ್ತಿಲ್ಲೋ ಅಣ್ಣಾ ಅಂತಾನ. ಹೊರಗ ಮೇಳದ ಹೆಂಗಸರು ಒಳಗ ಹೋಗೂಣೋ ಬ್ಯಾಡೋ ಅಂತ ಮಾತಾಡ್ಕೋತ ನಿಂತಿರ್ತಾರ, ಯಾರೂ ಹೋಗಂಗಿಲ್ಲ. ಮೋಸ ಹೋದ ಹೆಣ್ಣಂತ ಎಷ್ಟು ಮರುಗಿದ್ರೂ ಆ ಒಂದು ಮಾತಿಗೆ ಎಲ್ಲಾ ನಿಂತುಬಿಡತೈತ್ರಿ.

ಜೇಸನ್ ನಾನೇ ಗುರು:
ಜೇಸನ್ ಪಾರ್ಟ್ ಮಾಡಿದೋನು ನಾನು, ನನ್ನ ಕಡೆಯಿಂದ ಯಾರಾದ್ರೂ ಮಾತಾಡ್ಬೇಕಲ್ವಾ 😄

ಮೇಡಂ, ನಿಮ್ಮ ಎದುರಿಗೆ ಜೇಸನ್ ಮಾಡ್ತಿರೋನು ವಿಲನ್ ಥರ ಮೀಸೆ ತಿರುವ್ತಿದ್ರೆ ನಿಮ್ಮ ಪಾರ್ಟೂ ಕೆಡತ್ತೆ, ಹೋಗಿ ಹೇಳಿ. ಅವನಿಗೆ ತಾನು ಕೆಟ್ಟವನು ಅಂತ ಒಂದು ಚೂರೂ ಅನ್ಸಿಲ್ಲ, ಅದೇ ಮಜಾ. ನನ್ನ ಕಾಪಾಡಿದ್ದು ನೀನಲ್ಲ ಪ್ರೇಮದೇವತೆ ಅಂತಾನೆ, ನಿನ್ನನ್ನ ಕಾಡುಜನರ ದೇಶದಿಂದ ಗ್ರೀಸ್‌ಗೆ ಕರ್ಕೊಂಡು ಬಂದೆ, ಇಲ್ಲಿ ನ್ಯಾಯ ಕಾನೂನು ಅಂತ ಇದೆ, ನಾಲ್ಕು ಜನ ನಿನ್ನ ಬುದ್ಧಿವಂತೆ ಅಂತಾರೆ, ಇನ್ನೇನು ಬೇಕು ಅಂತಾನೆ, ರಾಜನ ಮಗಳನ್ನ ಕಟ್ಕೊಂಡಿದ್ದೂ ನಿಮ್ಮೆಲ್ಲರ ಒಳ್ಳೇದಕ್ಕೇ ಅಂತಾನೆ, ಹೆಂಗಸರಿಲ್ಲದೆ ಮಕ್ಕಳು ಹುಟ್ಟೋ ಹಾಗಿದ್ರೆ ಚೆನ್ನಾಗಿತ್ತು ಅಂತಾನೆ. ಎಲ್ಲಾ ಆದ್ಮೇಲೆ ಹೋಗೋ ದಾರಿಗೆ ಖರ್ಚಿಗೆ ದುಡ್ಡು ಬೇಕಾದ್ರೆ ಹೇಳು, ನನ್ನ ಪರಿಚಯದವರು ಇದಾರೆ, ಗುರುತಿಗೆ ಒಂದು ಟೋಕನ್ ಕಳಿಸ್ತೀನಿ, ಚೆನ್ನಾಗಿ ನೋಡ್ಕೋತಾರೆ ಅಂತಾನೆ!! ಇದನ್ನ ನಾನು ಸಿಟ್ಟಲ್ಲಿ ಅಂದಾಗ ಹಾಲಲ್ಲಿ ಏನೂ ಆಗ್ತಿರಲಿಲ್ಲ, ನಿಜವಾಗ್ಲೂ ಕಾಳಜಿಯಿಂದ ಅಂದಾಗ ಮುಂದಿನ ಸಾಲಿನ ಹೆಂಗಸರು ಹಲ್ಲು ಕಡಿಯೋದು ಕಾಣ್ತಿತ್ತು.

ಇನ್ನೊಂದು, ಅಥೆನ್ಸ್‌ನಲ್ಲಿ ಕ್ರಿ.ಪೂ. 451ರಲ್ಲಿ ಅಲ್ಲಿನ ನಾಯಕ ಪೆರಿಕ್ಲೀಸ್ ಒಂದು ಕಾನೂನು ತಂದಿದ್ದ, ಅಪ್ಪ ಅಮ್ಮ ಇಬ್ಬರೂ ಅಥೆನ್ಸ್‌ನವರಾದ್ರೆ ಮಾತ್ರ ಮಕ್ಕಳು ಪ್ರಜೆಗಳು. ನಾಟಕ ಆಡಿದ್ದು ಕ್ರಿ.ಪೂ. 431ರಲ್ಲಿ. ಕಥೆ ಕೊರಿಂಥ್‌ದೇ ಇರಬಹುದು, ಕೂತು ನೋಡಿದ ಗಂಡಸರಿಗೆ ಪರದೇಶದ ಹೆಂಡತಿ ಅಂದ್ರೆ ಏನು, ಅವಳ ಮಕ್ಕಳ ಗತಿ ಏನು ಅಂತ ಬಿಡಿಸಿ ಹೇಳ್ಬೇಕಾಗಿರಲಿಲ್ಲ. ಜೇಸನ್ ಮಾತಿಗೆ ತಲೆ ಆಡಿಸ್ದೋರೂ ಇದ್ದಿರಬೇಕು.

ರಂಗಹುಚ್ಚಿ:
ಅಬ್ಬಾ, ಇಷ್ಟು ಬರತ್ತೆ ಅಂತ ಅನ್ಕೊಂಡಿರಲಿಲ್ಲ, ಥ್ಯಾಂಕ್ಸ್ ಎಲ್ರಿಗೂ. ಹುಬ್ಬಳ್ಳಿ ಅಕ್ಕ, ಕೈ ಹಿಡಿದು ಸುಮ್ನೆ ನಿಲ್ಲೋದು ಇವತ್ತೇ ಟ್ರೈ ಮಾಡ್ತೀನಿ. ಇನ್ನೆರಡು ಡೌಟು. ಇವಳನ್ನ ಮಾಟಗಾತಿ ಅಂತ ಎಷ್ಟು ತೋರಿಸ್ಬೇಕು? ಡೈರೆಕ್ಟ್ರಿಗೆ ಹೊಗೆ, ತಲೆಬುರುಡೆ, ಕಪ್ಪು ಸೀರೆ ಎಲ್ಲ ಬೇಕಂತೆ. ಆಮೇಲೆ ಆ ಈಜಿಯಸ್ ಸೀನ್ ಕಥೆಗೆ ಅಂಟಲ್ಲ, ಕಟ್ ಮಾಡೋಣ ಅಂತಿದಾರೆ.

ಗ್ರಂಥಪಾಲ:
ಹೊಗೆ ತಲೆಬುರುಡೆ ಬೇಕಿದ್ರೆ ರೋಮ್‌ನ ಸೆನೆಕಾ ಬರೆದ ಮೆಡಿಯಾ ತಗೊಳ್ಳಿ, ಅದರಲ್ಲಿ ಹಾವು ಕರೆಯೋದು, ವಿಷದ ಗಿಡಗಳ ಪಟ್ಟಿ, ಮಂತ್ರ ಎಲ್ಲ ಭರ್ಜರಿಯಾಗಿದೆ, ಮಗುವನ್ನ ಜೇಸನ್ ಕಣ್ಣೆದುರಿಗೇ ಕೊಲ್ತಾಳೆ. ಯೂರಿಪಿಡೀಸ್‌ನಲ್ಲಿ ಒಮ್ಮೆ ಮಾಟದ ದೇವತೆ ಹೆಕಟಿಯ ಹೆಸರು ಹೇಳಿ ಆಣೆ ಇಡ್ತಾಳೆ, ಮದ್ದು ಹಚ್ಚಿದ ಉಡುಪು ಮತ್ತು ಕಿರೀಟ ತನ್ನ ಮಕ್ಕಳ ಕೈಲಿ ರಾಜನ ಮಗಳಿಗೆ ಕಳಿಸ್ತಾಳೆ, ಮಾಟ ಅಂತ ಇರೋದು ಹೆಚ್ಚುಕಮ್ಮಿ ಇಷ್ಟೇ. ಆ ಮಾಟನೂ ವೇದಿಕೆ ಮೇಲೆ ಕಾಣಲ್ಲ, ದೂತ ಬಂದು ಹೇಳ್ತಾನೆ. ಆ ಹುಡುಗಿ ಉಡುಪು ತೊಟ್ಟು, ಕನ್ನಡಿ ಮುಂದೆ ಕೂದಲು ಸರಿಮಾಡ್ಕೊಂಡು, ಎದ್ದು ಓಡಾಡಿ, ಕಾಲು ಚಾಚಿ ಹಿಮ್ಮಡಿ ಹತ್ರ ಬಟ್ಟೆ ಹೇಗೆ ಬೀಳತ್ತೆ ಅಂತ ತಿರುತಿರುಗಿ ನೋಡ್ತಾಳೆ. ಆಮೇಲೆ ಬಣ್ಣ ತಿರುಗಿ ಕುಸೀತಾಳೆ, ಒಬ್ಬ ಮುದುಕಿ ಮೈಮೇಲೆ ದೇವರು ಬಂತು ಅನ್ಕೊಂಡು ಕೂಗ್ತಾಳೆ, ಬಾಯಲ್ಲಿ ಬಿಳಿ ನೊರೆ ಕಂಡ ಮೇಲೆ ಆ ಕೂಗೇ ಬೇರೆ ಆಗತ್ತೆ. ಮಗಳ ಹೆಣ ತಬ್ಬಿದ ಅಪ್ಪ ಅದಕ್ಕೇ ಅಂಟ್ಕೊಂಡು ಬಿಡಿಸ್ಕೊಳ್ಳೋಕಾಗ್ದೆ ಸಾಯ್ತಾನೆ. ದೂತ ಇದನ್ನ ಹೇಳೋವಾಗ ನೀವು ಏನೂ ಮಾಡ್ಬೇಡಿ, ಖುಷಿಯಿಂದ ಕೇಳಿಸ್ಕೊಳ್ಳಿ, ನಿಧಾನಕ್ಕೆ ಹೇಳಪ್ಪ ಅಂತ ಅವಳೇ ಅವನಿಗೆ ಹೇಳಿರ್ತಾಳೆ ತಾನೇ. ಯಾವ ಹೊಗೆಗಿಂತಲೂ ಅದು ಸಾಕು.

ಮಕ್ಕಳನ್ನ ಕೊಂದಿದ್ದು ಮೆಡಿಯಾನೇ ಅನ್ನೋದು ಎಲ್ಲಾ ಕಥೆಯಲ್ಲೂ ಇಲ್ಲ ಅನ್ನೋದೂ ತಿಳ್ಕೊಂಡಿರಿ. ಪೌಸಾನಿಯಸ್ ಅನ್ನೋ ಪ್ರವಾಸಿ ಕ್ರಿ.ಶ. 2ನೇ ಶತಮಾನದಲ್ಲಿ ಕೊರಿಂಥ್‌ನಲ್ಲಿ ಆ ಮಕ್ಕಳ ಸಮಾಧಿ ಬಗ್ಗೆ ಬರೀತಾನೆ, ಮೆರ್ಮೆರಸ್ ಮತ್ತು ಫೆರೆಸ್ ಅಂತ ಹೆಸರು, ಆ ಉಡುಗೊರೆ ತಂದ್ರು ಅಂತ ಊರಿನವರೇ ಕಲ್ಲು ಹೊಡೆದು ಸಾಯಿಸಿದ್ರಂತೆ. ಅದಾದ ಮೇಲೆ ಊರಿನ ಹಸುಗೂಸುಗಳು ಸಾಯೋಕೆ ಶುರುವಾಗಿ, ವರ್ಷ ವರ್ಷ ಬಲಿ ಕೊಟ್ಟು, ಊರ ಮಕ್ಕಳ ಕೂದಲು ಕತ್ತರಿಸಿ ಕಪ್ಪು ಬಟ್ಟೆ ಹಾಕಿಸ್ತಿದ್ರಂತೆ. ಕೊರಿಂಥ್‌ನವರು ದುಡ್ಡು ಕೊಟ್ಟು ಯೂರಿಪಿಡೀಸ್ ಕೈಯಲ್ಲಿ ಆಪಾದನೆ ಮೆಡಿಯಾ ಮೇಲೆ ಹಾಕಿಸಿದ್ರು ಅಂತ ಹಳೇ ಟಿಪ್ಪಣಿಕಾರರ ಗಾಸಿಪ್ ಕೂಡ ಇದೆ, ಐದು ಟ್ಯಾಲೆಂಟ್ (ಆಗಿನ ಕಾಲಕ್ಕೆ ದೊಡ್ಡ ದುಡ್ಡು) ಅಂತೆ, ನಂಬೋರು ನಂಬಿ. ಆ ವರ್ಷದ ಸ್ಪರ್ಧೆಯಲ್ಲಿ ಅವನಿಗೆ ಸಿಕ್ಕಿದ್ದು ಮೂರನೇ ಸ್ಥಾನ, ಇದ್ದಿದ್ದೇ ಮೂರು ಜನ.

ಕನಿಕರದ ಪ್ರಶ್ನೆಗೆ ನನ್ನದೊಂದು ಮಾತು. ಶತ್ರು ನಗಬಾರದು ಅನ್ನೋ ಅವಳ ಈ ಹಟ ಗಂಡಸರಲ್ಲಿ ಇದ್ದಾಗ ನಾವು ಅದಕ್ಕೆ ಕಾವ್ಯ ಬರೀತೀವಿ. ಛಲದಲ್ಲಿ ದುರ್ಯೋಧನನ್ನ ನೆನೀರಿ ಅಂತ ಪಂಪನೇ ಹೇಳಿದಾನೆ. ಇನ್ನೊಬ್ಬ ಗ್ರೀಕ್ ನಾಟಕಕಾರ ಸೊಫೋಕ್ಲೀಸ್‌ನ ಅಯಾಸ್ ನಾಟಕವನ್ನ ಬಿ.ಎಂ.ಶ್ರೀ ಅವರು ಅಶ್ವತ್ಥಾಮನ್ ಅಂತ ಕನ್ನಡಕ್ಕೆ ತಂದ್ರಲ್ಲ, ಅವಮಾನ ತಡೆಯೋಕಾಗದ ವೀರನ ಕಥೆ ಅದು, ಮಲಗಿದ್ದ ದ್ರೌಪದಿಯ ಮಕ್ಕಳನ್ನ ಕೊಂದ ಅಶ್ವತ್ಥಾಮನೇ ಅದಕ್ಕೆ ನಾಯಕ. ನಮ್ಮ ಜನ ಕೂತು ಓದಿದಾರೆ. ಮೆಡಿಯಾ ಕೊಂದಿದ್ದು ತನ್ನ ಮಕ್ಕಳನ್ನ, ಅದು ಬೇರೆ ಅಂತೀರಾ, ಹೌದು ಬೇರೆ, ಆದ್ರೂ ಹುಚ್ಚಿ ಅಂತ ಒಂದೇ ಏಟಿಗೆ ಮುಗಿಸೋದು ಮಾತ್ರ ಅವಳೊಬ್ಬಳಿಗೇ ಯಾಕೆ?

ಹುಬ್ಬಳ್ಳಿ ಅಕ್ಕ:
ದುರ್ಯೋಧನ ತೊಡಿ ಮುರಿಸ್ಕೊಂಡು ಮಣ್ಣಾಗ ಬಿದ್ದ, ಅಶ್ವತ್ಥಾಮ ಹುಣ್ಣು ಹೊತ್ಕೊಂಡು ತಿರಗಾಕತ್ತಾನ. ಇಕಿ ಕೊನಿಗೆ ಅಜ್ಜ ಸೂರ್ಯನ ರಥ ಹತ್ತಿ ಹೋದ್ಳು ನೋಡ್ರಿ ಸರ. ಅಲ್ಲಿ ನನಗ ಸಿಟ್ಟು.

ಸೈಡ್‌ವಿಂಗ್:
ಅಕ್ಕಾ, ಆ ಸಿಟ್ಟು ಬರ್ಲಿ ಅಂತಾನೇ ಅವನು ಹಾಗೆ ಬರೆದಿರೋದು. ಅರಿಸ್ಟಾಟಲ್‌ಗೂ ಆ ರಥ ಹಿಡಿಸಿಲ್ಲ, ಈಜಿಯಸ್ ಸುಮ್ನೆ ಎಲ್ಲಿಂದಲೋ ಬರ್ತಾನೆ ಅಂತ ಅದನ್ನೂ ಬೈದಿದಾನೆ, ನಿಮ್ಮ ಡೈರೆಕ್ಟ್ರು ಒಳ್ಳೇ ಕಂಪನಿಯಲ್ಲೇ ಇದಾರೆ 😀 ಆದ್ರೆ ಈಜಿಯಸ್ ಸೀನ್ ಕಟ್ ಮಾಡಿದ್ರೆ ಎರಡು ಹೋಗತ್ತೆ. ಒಂದು, ಅವಳಿಗೆ ಹೋಗೋಕೆ ಜಾಗ ಸಿಗೋದು ಅಲ್ಲಿ, ಮಕ್ಕಳನ್ನ ಕೊಲ್ತೀನಿ ಅಂತ ಅವಳು ಮೊದಲ ಸಲ ಬಾಯಿಬಿಟ್ಟು ಹೇಳೋದು ಅವನು ಹೋದ ಮೇಲೇನೇ. ಮಕ್ಕಳಿಲ್ಲದ ರಾಜ ಎಷ್ಟು ಒದ್ದಾಡ್ತಾನೆ ಅಂತ ಕಣ್ಣಾರೆ ನೋಡಿದಾಳೆ, ಜೇಸನ್‌ಗೆ ಎಲ್ಲಿ ಹೊಡೀಬೇಕು ಅನ್ನೋದು ಅಲ್ಲೇ ಹೊಳೀತು ಅಂತ ಆಡಬಹುದು. ಎರಡನೇದು ಆಣೆ. ಆಣೆ ಮುರಿದ ಗಂಡನಿಂದ ಹಾಳಾದವಳು ಇನ್ನೊಬ್ಬ ಗಂಡಸಿನ ಬರೀ ಮಾತು ನಂಬಲ್ಲ, ಭೂಮಿ ಮೇಲೆ ಸೂರ್ಯನ ಮೇಲೆ ಇಟ್ಟು ಹೇಳು ಅಂತ ಪದ ಪದ ಹೇಳ್ಕೊಡ್ತಾಳೆ. ಆ ಸೀನ್ ಇಲ್ದಿದ್ರೆ ಜೇಸನ್ ಮಾಡಿದ್ದು ಬರೀ ಎರಡನೇ ಮದುವೆ ಆಗ್ಬಿಡತ್ತೆ, ಆಣೆ ಮುರಿದಿದ್ದು ಅಂತ ಅನ್ಸಲ್ಲ.

ರಥಕ್ಕೆ ಕ್ರೇನ್ ಗೀನ್ ಏನೂ ಬೇಡ. ಹಿಂದೆ ಒಂದು ಎತ್ತರದ ಪ್ಲಾಟ್‌ಫಾರ್ಮ್ ಹಾಕ್ಸಿ, ಜೇಸನ್ ಕೈ ಚಾಚಿದ್ರೂ ಎಟುಕಬಾರದು ಅಷ್ಟೆತ್ತರ. ಮಕ್ಕಳ ಮೈ ಒಂದ್ಸಲ ಮುಟ್ಟೋಕೆ ಬಿಡು ಅಂತಾನಲ್ಲ, ಬಿಡಲ್ಲ ಅಂತಾಳೆ, ಹೂಳೋಕೂ ಕೊಡಲ್ಲ, ಹೀರಾ ದೇವಿ ಗುಡಿ ಹತ್ರ ನಾನೇ ಮಣ್ಣು ಮಾಡ್ತೀನಿ ಅಂತಾಳೆ. ಇಬ್ಬರೂ ಒಂದೇ ನೆಲದ ಮೇಲೆ ನಿಂತಿದ್ರೆ ಆ ಮಾತು ಬರೀ ಗಂಡ ಹೆಂಡತಿ ಜಗಳದ ಥರ ಕೇಳಿಸತ್ತೆ.

ಜೇಸನ್ ನಾನೇ ಗುರು:
ಪ್ಲಾಟ್‌ಫಾರ್ಮ್ ಗಟ್ಟಿಯಾಗಿ ಮಾಡ್ಸಿ ಮೇಡಂ, ನಮ್ಮಲ್ಲಿ ಅದು ಅಲ್ಲಾಡ್ತಿತ್ತು, ಮೇಲಿದ್ದ ಮೆಡಿಯಾ ಕಂಬ ಹಿಡ್ಕೊಂಡೇ ಶಾಪ ಹಾಕಿದ್ರು. ಶೋ ಎಲ್ಲಿ ಯಾವತ್ತು ಅಂತ ಇಲ್ಲೇ ಹಾಕಿ, ಬರ್ತೀವಿ.