ಕೈ ಎತ್ತಿದವರ ಫೋಟೋ

“ಮತ್ತೆ ಕೈ ಎತ್ತಿದಾರಲ್ಲೋ ಈ ವಿರೋಧ ಪಕ್ಷದೋರು!” ಅಂದ ನಾಣಿ, ಪೇಪರ್ ಮೂಗಿಗೆ ತಾಗೋ ಹಾಗೆ ಹಿಡ್ಕೊಂಡು.

“ಸರ್ವಾಧಿಕಾರದ ವಿರುದ್ಧ ಒಗ್ಗಟ್ಟು ಕಣೋ” ಅಂದ ಸೀನ, ಅವನಿಗೆ ಇಂಥದ್ದು ನೋಡಿದ್ರೆ ಮೈ ಜುಮ್ ಅನ್ನತ್ತೆ.

“ಒಗ್ಗಟ್ಟಾಗ್ಲಿ, ಬೇಡ ಅಂದೋರ್ಯಾರು, ಆದ್ರೆ ಸಾಲಾಗಿ ನಿಂತು ಕೈ ಕೈ ಹಿಡಿದು ಮೇಲಕ್ಕೆತ್ತಲೇಬೇಕಾ? ಚೀಟಿ ನಡೆಸೋನು ಕೈ ಎತ್ತಿಬಿಟ್ಟ ಅಂದ್ರೆ ನಮ್ಮ ದುಡ್ಡು ಹೋಯ್ತು ಅಂತ ಎದೆ ಬಡ್ಕೋತೀವಿ, ಇಲ್ಲಿ ಅಷ್ಟೂ ಜನ ಒಟ್ಟಿಗೆ ಎತ್ತುತಾರೆ, ನೀನು ಚಪ್ಪಾಳೆ ಹೊಡೀತೀಯ.”

“2018ರಲ್ಲಿ ವಿಧಾನಸೌಧದ ಮುಂದೆ ಎಷ್ಟು ಚೆನ್ನಾಗಿತ್ತು, ಕುಮಾರಸ್ವಾಮಿ ಪ್ರಮಾಣವಚನಕ್ಕೆ ಸೋನಿಯಾ, ಮಾಯಾವತಿ, ಮಮತಾ, ಚಂದ್ರಬಾಬು...”

“ಹೂಂ, ಮುಂದಿನ ವರ್ಷ ಲೋಕಸಭೇಲಿ 28ರಲ್ಲಿ ಕಾಂಗ್ರೆಸ್ಸಿಗೊಂದು ದಳಕ್ಕೊಂದು, ಹದಿನಾಲ್ಕು ತಿಂಗಳಿಗೆ ಸರ್ಕಾರನೂ ಕೈ ಎತ್ತಿಬಿಡ್ತು. ಆ ಕುಮಾರಸ್ವಾಮಿ, ಚಂದ್ರಬಾಬು ಈಗ ಯಾವ ಸಾಲಲ್ಲಿದಾರೆ? ಆಮೇಲೆ 2023ರಲ್ಲಿ ಇದೇ ಬೆಂಗಳೂರಲ್ಲಿ 26 ಪಕ್ಷ ಸೇರಿ ‘ಇಂಡಿಯಾ’ ಅಂತ ನಾಮಕರಣ ಮಾಡಿದ್ರಲ್ಲ, ಮಗು ಅಂಬೆಗಾಲಿಡೋ ಹೊತ್ತಿಗೆ ನಿತೀಶ್ ಬಿಜೆಪಿ ಕಡೆ ಎದ್ದು ಹೋದ್ರು. ಮೊದ್ಲು ಕೈ ಹಿಡಿ, ಆಮೇಲೆ ಕೈ ಎತ್ತು, ಕೊನೇಗೆ ಕೈ ಕೊಡು!”

“ಆದ್ರೂ 2024ರಲ್ಲಿ ಬಿಜೆಪಿನ 240 ಸೀಟಿಗೆ ನಿಲ್ಲಿಸ್ಲಿಲ್ವಾ?”

ಇದಕ್ಕೆ ನಾಣಿ ಹತ್ರ ಉತ್ತರ ಇರ್ಲಿಲ್ಲ, ಕಾಫಿ ಲೋಟ ಎತ್ತಿದ. ಖಾಲಿ.

“ಎಪ್ಪತ್ತೇಳರ ಚುನಾವಣೆ ಮರೆತ್ರಾ?” ಅಂದ್ರು ಮೂಲೇಲಿದ್ದ ವಿಶ್ವಣ್ಣ. “ತುರ್ತುಪರಿಸ್ಥಿತೀಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಎಲ್ಲ ನಮ್ಮ ಸೆಂಟ್ರಲ್ ಜೈಲಲ್ಲೇ ಇದ್ರು. ಜನಸಂಘದೋರು, ಸಮಾಜವಾದಿ, ಹೊರಗಾದ್ರೆ ಒಬ್ಬರ ನೆರಳು ಒಬ್ಬರಿಗಾಗಲ್ಲ.”

“ನೋಡಿ, ಅಲ್ಲಿ ಫೋಟೋಗ್ರಾಫರ್ ಇರ್ಲಿಲ್ಲ, ಅದಕ್ಕೇ ಒಗ್ಗಟ್ಟಾಯ್ತು!” ನಾಣಿಗೆ ಜೀವ ಬಂತು. “ಹೊರಗೆ ಬಂದ್ರು, ಜನತಾ ಪಕ್ಷ ಅಂದ್ರು, ಲೋಕದಳದ ಗುರುತು ಎರವಲು ತಗೊಂಡ್ರು, ಚಕ್ರದೊಳಗೆ ನೇಗಿಲು ಹೊತ್ತ ರೈತ. ಎತ್ತಿಲ್ಲ ನೋಡಿ ಅದರಲ್ಲಿ. ಯಾಕಂದ್ರೆ ಎತ್ತು ಏರಿಗೆ, ಕೋಣ ನೀರಿಗೆ ಆಗ್ಲೇ ಹೊರಟಿದ್ವು. 79ರ ಜುಲೈಗೆ ಮೊರಾರ್ಜಿ ಮನೆಗೆ.”

“ಗೆದ್ದಿದ್ದು ಗೆದ್ದೇ ಅಲ್ವೇನೋ, ಇಂದಿರಾ ರಾಯ್‌ಬರೇಲೀಲೇ ಸೋತ್ರು” ಅಂದ ಸೀನ.

“ಅಲ್ಲಿ ಸೋತ್ರು. ಇಲ್ಲಿ ನಾವು 28ರಲ್ಲಿ 26 ಅವರಿಗೇ ಕೊಟ್ವಿ, ಮರುವರ್ಷ ಚಿಕ್ಕಮಗಳೂರಿಂದ ಗೆಲ್ಲಿಸಿನೂ ಕಳಿಸಿದ್ವಿ. ಜೈಲೂ ನಮ್ದೇ, ವೋಟೂ ನಮ್ದೇ!”

ಎಲ್ಲ ನಕ್ಕರು. ವಿಶ್ವಣ್ಣ ನಗ್ಲಿಲ್ಲ.

“ಆ ಜೈಲು ಈಗ ಫ್ರೀಡಂ ಪಾರ್ಕು. ಘೋಷಣೆ ಕೂಗ್ಬೇಕಂದ್ರೆ ಪರ್ಮಿಷನ್ ತಗೊಂಡು ಅಲ್ಲೇ ಹೋಗ್ಬೇಕು. ಹೋದ ವಾರ ಮೊಮ್ಮಗನ್ನ ಕರ್ಕೊಂಡು ಹೋಗಿದ್ದೆ, ಆ ವಾಚ್ ಟವರ್ ಹಾಗೇ ಇದೆ.”

“ಫೋಟೋ ತೆಗೆಸ್ಕೊಂಡ್ರಾ ವಿಶ್ವಣ್ಣ?”

“ಅವನೇ ತೆಗೆದ. ತಾತ, ಕೈ ಎತ್ತು ಅಂದ. ಎತ್ತಿದೆ ಕಣೋ, ಭುಜದ ನೋವು ನೋಡು, ಕಿವಿ ತನಕ ಬಂದು ನಿಂತೋಯ್ತು.”