ಅಪ್‌ಡೇಟ್: 43ರ ಹರೆಯದಲ್ಲಿ ಕಂಪ್ಲೀಟ್ ಹಾರ್ಟ್ ಬ್ಲಾಕ್ – ಕಾರಣ ಸಿಕ್ಕಿತು

43 ವರ್ಷದ ರೋಗಿಗೆ ಕಂಪ್ಲೀಟ್ ಹಾರ್ಟ್ ಬ್ಲಾಕ್, ಅಂದರೆ ಹೃದಯದ ಮೇಲಿನ ಕೋಣೆಗಳ ವಿದ್ಯುತ್ ಸಂಕೇತ ಕೆಳಗಿನ ಕೋಣೆಗಳಿಗೆ ತಲುಪುತ್ತಿರಲಿಲ್ಲ. ರಕ್ತನಾಳದಲ್ಲಿ ಬ್ಲಾಕೇಜ್ ಇಲ್ಲ, ಆಂಜಿಯೋಗ್ರಾಮ್ ನಾರ್ಮಲ್, ಆದರೂ ನಾಡಿ 38. ಪೇಸ್‌ಮೇಕರ್ ಹಾಕಿ ಬಿಡೋದಾ, ಕಾರಣ ಹುಡುಕೋದಾ ಅಂತ ಹಿಂದೆ ಕೇಳಿದ್ದೆ. ಉತ್ತರ: ಕಾರ್ಡಿಯಾಕ್ ಸಾರ್ಕಾಯ್ಡೋಸಿಸ್ (ರೋಗನಿರೋಧಕ ಕೋಶಗಳ ಪುಟ್ಟ ಗುಂಪುಗಳು ಹೃದಯದಲ್ಲಿ ಬೆಳೆದು ಉರಿಯೂತ ತರುವ ರೋಗ).

ಕೈ ಹಿಡಿದದ್ದು "ಸಾಧನ ಹಾಕುವ ಮೊದಲೇ ಎಂಆರ್‌ಐ, ಆಮೇಲೆ ಪೆಟ್ ಸ್ಕ್ಯಾನ್" ಅನ್ನೋ ಸಲಹೆ. ಪೆಟ್‌ನಲ್ಲಿ ಗ್ಲೂಕೋಸ್ ಹೀರುವ ಜಾಗ ಹೊಳೆದು ಕಾಣುತ್ತದೆ. ಮೊದಲ ಪೆಟ್ ಕೆಟ್ಟಿತು. ಇಡೀ ಹೃದಯ ಹೊಳೆಯುತ್ತಿತ್ತು! ವಿಚಾರಿಸಿದರೆ, ರೋಗಿ ಹಿಂದಿನ ರಾತ್ರಿ ಸಿಹಿ ಕೆಮ್ಮಿನ ಸಿರಪ್ ಕುಡಿದಿದ್ದರು. ಸಕ್ಕರೆ ಸಿಕ್ಕರೆ ಆರೋಗ್ಯವಂತ ಸ್ನಾಯುವೂ ಗ್ಲೂಕೋಸ್ ಹೀರುತ್ತದೆ, ಉರಿಯೂತ ಬೇರೆಯಾಗಿ ಕಾಣೋದಿಲ್ಲ. ಎರಡನೇ ಸಲ ಹಿಂದಿನ ದಿನ ಮೊಟ್ಟೆ, ಪನೀರ್, ಬೆಣ್ಣೆ ಮಾತ್ರ. ಅನ್ನ, ಮುದ್ದೆ, ಹಾಲು, ಹಣ್ಣು ಬಂದ್. ಆಮೇಲೆ 14 ಗಂಟೆ ಬರೀ ನೀರು. ಸೆಪ್ಟಮ್‌ನ (ಹೃದಯದ ಎಡ-ಬಲ ಕೋಣೆಗಳ ನಡುವಿನ ಗೋಡೆ) ಬುಡದಲ್ಲಿ ಹೊಳೆಯುವ ತೇಪೆ, ಎದೆಯೊಳಗಿನ ದುಗ್ಧಗ್ರಂಥಿಗಳ ಗಂಟುಗಳಲ್ಲೂ ಹೊಳಪು.

ಉಪಯೋಗಕ್ಕೆ ಬಾರದ್ದು: ರಕ್ತದ ಎಸಿಇ (ಈ ರೋಗದಲ್ಲಿ ಏರಬಹುದಾದ ಕಿಣ್ವ; ನಾರ್ಮಲ್ ಬಂತು), ಹೃದಯದ ಬಯಾಪ್ಸಿ (ರೋಗ ತೇಪೆತೇಪೆ, ತೆಗೆದ ತುಣುಕಿನಲ್ಲಿ ಸಿಗಲಿಲ್ಲ). ಇಬಸ್‌ನಲ್ಲಿ (ಶ್ವಾಸನಾಳದೊಳಗಿಂದ ಅಲ್ಟ್ರಾಸೌಂಡ್ ನೋಡುತ್ತಾ) ಗಂಟಿನ ಬಯಾಪ್ಸಿ ಮಾಡಿದಾಗ ಗ್ರಾನುಲೋಮಾ (ಆ ಕೋಶಗಳ ಗುಂಪು) ಸಿಕ್ಕಿತು. ನಮ್ಮಲ್ಲಿ ಇಂಥದ್ದಕ್ಕೆ ಮೊದಲ ಅನುಮಾನ ಟಿಬಿಯೇ. ಜೀನ್‌ಎಕ್ಸ್‌ಪರ್ಟ್ (ಟಿಬಿಯ ತ್ವರಿತ ಪರೀಕ್ಷೆ) ನೆಗೆಟಿವ್, ಟಿಬಿ ಕಲ್ಚರ್ ವರದಿಗೆ ಇನ್ನೂ ವಾರಗಳಿವೆ.

ಪೇಸ್‌ಮೇಕರ್ ಬದಲು ಐಸಿಡಿ (ಅಪಾಯದ ಬಡಿತ ಬಂದರೆ ಶಾಕ್ ಕೊಟ್ಟು ಸರಿಪಡಿಸುವ ಸಾಧನ) ಹಾಕಿದರು, ವಿಟಿ (ಕೆಳಗಿನ ಕೋಣೆಗಳ ಅಪಾಯಕಾರಿ ವೇಗದ ಬಡಿತ) ಭಯಕ್ಕೆ. ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ದಿನಕ್ಕೆ 40 ಮಿ.ಗ್ರಾಂ ಶುರುವಾಗಿದೆ. ಮುಂದೆ ಮೆಥೋಟ್ರೆಕ್ಸೇಟ್ (ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ), ವಾರಕ್ಕೊಮ್ಮೆ ಮಾತ್ರ, ದಿನಾ ಅಲ್ಲ.

ಗೊತ್ತಿರದಿದ್ದ ಒಂದು: ಸ್ಟೀರಾಯ್ಡ್ ಜೊತೆ ಕ್ಯಾಲ್ಸಿಯಂ, ವಿಟಮಿನ್ ಡಿ ಕಣ್ಣುಮುಚ್ಚಿ ಕೊಡಬಾರದು. ಗ್ರಾನುಲೋಮಾಗಳೇ ವಿಟಮಿನ್ ಡಿಯನ್ನು ಚುರುಕುಗೊಳಿಸಿ ಕ್ಯಾಲ್ಸಿಯಂ ಏರಿಸುತ್ತವೆ. ಇಲ್ಲಿ ರಕ್ತದ ಕ್ಯಾಲ್ಸಿಯಂ ಆಗಲೇ 11.2 ಇತ್ತು, ಹೆಚ್ಚೇ. ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆ ನಿಲ್ಲಿಸಿದರು. ಮುಂದಿನ ಪೆಟ್ ಮೂರು ತಿಂಗಳಿಗೆ.